ಎಳೆದು ನಿಲ್ಲಿಸುವ ಗುಂಡಿ

ಮನೆಯಿಂದ,
ಮಾರ್ಚ್ ಎಂಟು, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಏನಾದರೂ ಬೀಳುತ್ತಿದೆಯೇ? ಕಳೆದ ಸಲ ನೀನು ಕಳಿಸಿದ ಫೋಟೋದಲ್ಲಿ ಕತ್ತಿನ ಮೂಳೆ ಎಣಿಸಬಹುದಾಗಿತ್ತು. ಹೂಳೆತ್ತುವ ಹಡಗಿನ ಎಂಜಿನ್ನಿಗೆ ದಿನಾ ಎಣ್ಣೆ ಹಾಕುವವಳಿಗೆ ತನ್ನ ತಲೆಗೆ ವಾರಕ್ಕೊಮ್ಮೆ ಎಣ್ಣೆ ಹಾಕಿಕೊಳ್ಳಲು ಪುರುಸೊತ್ತಿಲ್ಲವೇ? ಕೂದಲು ತೆಂಗಿನ ನಾರಿನ ಹಾಗಾಗಿದೆ. ಎಂಜಿನ್ ರೂಮಿಗೆ ಇಳಿಯುವಾಗ ಕಿವಿ ಮುಚ್ಚಿಕೊಳ್ಳುವುದನ್ನು ಬಿಡಬೇಡ. ಇವತ್ತು ಜಂಬದಿಂದ ಬರಿಗಿವಿಯಲ್ಲಿ ನಿಂತವರು ನಾಳೆ ಮಾತು ಮಾತಿಗೂ ‘ಆಂ? ಆಂ?’ ಅನ್ನಬೇಕಾಗುತ್ತದೆ. ನನ್ನ ಮೊಣಕಾಲು ಇದ್ದ ಹಾಗೇ ಇದೆ, ಅದರ ವಿಷಯ ಕೇಳಬೇಡ. ನಿನ್ನ ತಮ್ಮ ಚೆನ್ನಾಗಿದ್ದಾನೆ. ಜೇನುತುಪ್ಪದ ಅಂಗಡಿಯನ್ನು ಈಗ ಅವನೇ ನೋಡಿಕೊಳ್ಳುತ್ತಾನೆ. ನಾನು ಹಿಂದೆ ಕೂತು ಅವನನ್ನು ನೋಡಿಕೊಳ್ಳುತ್ತೇನೆ. ನಿಮ್ಮಪ್ಪನ ಪಾದದ ಊತ ಇಳಿದಿದೆ. ಅವರ ವಿಷಯಕ್ಕೇ ಬರುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು ಅನ್ನುತ್ತೀಯ. ನೀನು ಫೋನ್ ಮಾಡಿದಾಗಲೆಲ್ಲ ಅವರು ನನ್ನ ಪಕ್ಕದಲ್ಲೇ ಕೂತಿರುತ್ತಾರೆ. ಹೇಗೆ ಹೇಳಲಿ?

ಜೀಪಿನ ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಹಾಕಿಸುತ್ತೇನೆ ಎಂದು ನಾನು ಬರೆದಾಗ ನೀನು ಒಂದೇ ಸಾಲಿನ ಉತ್ತರ ಕಳಿಸಿದ್ದೆ: ‘ಅಮ್ಮಾ, ಬೇಡ, ಅಪ್ಪನ ಕೈಗೆ ಅದು ಒಗ್ಗಲ್ಲ.’ ನನಗೆ ಸಿಟ್ಟು ಬಂದಿತ್ತು. ಹಗಲೂ ರಾತ್ರಿ ಡೀಸೆಲ್ ಎಂಜಿನ್ನಿನ ಹೊಟ್ಟೆಯೊಳಗೇ ಬದುಕುವವಳು ನಮಗೆ ಮಾತ್ರ ಬೇಡ ಅನ್ನುತ್ತಾಳಲ್ಲ, ಇದೆಂಥ ನ್ಯಾಯ ಅನ್ನಿಸಿತು. ಕಾರಣ ಬರೆಯದೆ ತೀರ್ಪು ಮಾತ್ರ ಬರೆಯುವ ಚಾಳಿ ನಿನಗೆ ಎಲ್ಲಿಂದ ಬಂತು ಎಂದು ನಿನ್ನ ತಮ್ಮನನ್ನು ಕೇಳಿದೆ. ಅವನು ನನ್ನ ಮುಖ ನೋಡಿ ನಕ್ಕ.

ನನ್ನ ಕಡೆಯಿಂದಲೂ ಹೇಳಬೇಕಲ್ಲ. ಆ ಹಳೆಯ ಎಂಜಿನ್ ನೀರು ಕುಡಿದ ಹಾಗೆ ಪೆಟ್ರೋಲ್ ಕುಡಿಯುತ್ತಿತ್ತು. ಕಾರ್ಬ್ಯುರೇಟರಿನ ಬಿಡಿಭಾಗಗಳು ಯಾವ ಗುಜರಿಯಲ್ಲೂ ಸಿಗುತ್ತಿರಲಿಲ್ಲ. ಗುಡ್ಡದ ಮೇಲೆ ಹೂ ಬಿಟ್ಟು ಜೇನುಪೆಟ್ಟಿಗೆಗಳನ್ನು ಸಾಗಿಸಬೇಕಾದ ವಾರದಲ್ಲೇ ಅದು ಮುನಿಸಿಕೊಂಡು ಕೂರುತ್ತಿತ್ತು. ಆಗ ನಿಮ್ಮಪ್ಪ ಅದರ ಅಡಿಯಲ್ಲಿ ಮಲಗಿ ತಾಯಿ ಮಗುವನ್ನು ಸಮಾಧಾನ ಮಾಡುವಂತೆ ಮಾತನಾಡುತ್ತಿದ್ದರು. ನನ್ನ ಜೊತೆ ಅಷ್ಟು ಮೆತ್ತಗೆ ಎಂದಾದರೂ ಮಾತನಾಡಿದ್ದಾರೆಯೇ? ಇರಲಿ. ನಾನು ಒಂದು ಸಲ ನಿಶ್ಚಯ ಮಾಡಿದ ಮೇಲೆ ತಲೆಯ ಮೇಲೆ ತಲೆ ಬಿದ್ದರೂ ಬದಲಾಯಿಸುವವಳಲ್ಲ. ಅದು ನಿನಗೆ ಗೊತ್ತು.

ಗ್ಯಾರೇಜಿನ ಉದ್ದನೆಯ ಮೆಕ್ಯಾನಿಕ್ ಗುಜರಿಗೆ ಬಂದ ಸಾಮಾನಿನ ವ್ಯಾನೊಂದರಿಂದ ಎಂಜಿನ್ ತಂದ. ನಾನೇ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ಕೆಲಸ ಮಾಡಿಸಿದೆ. ಹಳೆಯದನ್ನು ಸರಪಳಿ ಕಟ್ಟಿ ಮೇಲೆತ್ತಿದಾಗ ಜೀಪಿನ ಮುಖ ಹಲ್ಲು ಕಿತ್ತಿಸಿಕೊಂಡ ಮುದುಕಿಯ ಮುಖದ ಹಾಗಾಯಿತು. ಹೊಸದು ಎಮ್ಮೆಯಷ್ಟು ಭಾರ. ಗೇರ್‌ಬಾಕ್ಸಿಗೂ ಅದಕ್ಕೂ ಹೊಂದದೆ ಮಧ್ಯೆ ಒಂದು ದಪ್ಪ ಕಬ್ಬಿಣದ ಹಲಗೆಯನ್ನು ತೂತು ಕೊರೆದು ಕೂರಿಸಬೇಕಾಯಿತು. ಮುಂದಿನ ಸ್ಪ್ರಿಂಗಿಗೆ ಒಂದು ಪಟ್ಟಿ ಜಾಸ್ತಿ ಬೇಕಾಯಿತು. ಇಷ್ಟಾದರೂ ಎಂಜಿನ್ನಿನ ತಳ ಜೀಪಿನ ಚೌಕಟ್ಟಿನ ಅಡ್ಡಪಟ್ಟಿಗೆ ತಾಗುತ್ತಿತ್ತು. ಮೆಕ್ಯಾನಿಕ್ ಕೈ ಒರೆಸಿಕೊಂಡು, ‘ಅಮ್ಮಾ, ಇದನ್ನ ಕೊಯ್ದ್ರೆ ಆಯ್ತು, ಹಳೇ ಎಂಜಿನ್ ಮತ್ತೆ ಕೂರಲ್ಲ. ಯಜಮಾನ್ರನ್ನ ಒಂದು ಮಾತು ಕೇಳೋಣ್ವಾ?’ ಅಂದ. ‘ಕೊಯ್ಯಪ್ಪ, ಯಜಮಾನಿ ಇಲ್ಲೇ ಕೂತಿದ್ದೀನಿ’ ಅಂದೆ. ಅಲ್ಲಿದ್ದವರೆಲ್ಲ ನಕ್ಕರು. ಆಗ ನನಗೂ ನಗು ಬಂದಿತ್ತು. ಕೊಯ್ದ ಕಬ್ಬಿಣದ ತುಂಡನ್ನು ಮನೆಗೆ ತಂದಿದ್ದೆ, ಈಗಲೂ ನಮ್ಮ ಶೆಡ್ಡಿನ ಮೂಲೆಯಲ್ಲಿ ಬಿದ್ದಿದೆ, ಗುಡಿಸಲು ಹೋದಾಗಲೆಲ್ಲ ಕಾಲಿಗೆ ತಡೆಯುತ್ತದೆ.

ಕೆಲಸ ಮುಗಿದ ದಿನ ಅವನು ನನ್ನನ್ನು ಜೀಪಿನ ಹತ್ತಿರ ಕರೆದು, ಸ್ಟೀರಿಂಗಿನ ಕೆಳಗೆ ಹೊಸದಾಗಿ ಹಾಕಿದ್ದ ಒಂದು ಕರಿಯ ಗುಂಡಿ ತೋರಿಸಿದ. ಪೆಟ್ರೋಲ್ ಎಂಜಿನ್ ಕೀಲಿ ತಿರುಗಿಸಿದರೆ ನಿಲ್ಲುತ್ತದೆ, ಈ ಹಳೇ ಕಾಲದ ಡೀಸೆಲ್ಲು ನಿಲ್ಲುವುದಿಲ್ಲವಂತೆ. ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರೂ ಅದು ತನ್ನ ಪಾಡಿಗೆ ಓಡುತ್ತಲೇ ಇರುತ್ತದಂತೆ. ಗುಂಡಿ ಎಳೆದು, ಅದು ಉಸಿರು ಬಿಡುವ ತನಕ ಹಿಡಿದುಕೊಳ್ಳಬೇಕು. ನಿನಗೆ ಇದು ಅಆಇಈ. ನನಗೆ ಹೊಸತು. ‘ಯಜಮಾನ್ರಿಗೆ ಒಂದ್ಸಲ ತೋರಿಸ್ಬೇಕಮ್ಮ, ಮನೆಗೇ ಬರ್ತೀನಿ’ ಅಂದ. ನಾನು, ‘ನೀನು ಹುಟ್ಟೋಕೆ ಮುಂಚೆಯಿಂದ ಗಾಡಿ ಓಡಿಸಿದ್ದಾರೆ, ಅವರಿಗೆ ನೀನು ಪಾಠ ಹೇಳ್ತೀಯಾ? ನಾನೇ ಹೇಳ್ತೀನಿ, ಹೋಗು’ ಅಂದುಬಿಟ್ಟೆ. ಗಂಡನ ಮರ್ಯಾದೆ ಕಾಪಾಡಿದೆ ಅಂದುಕೊಂಡಿದ್ದೆ.

ಮನೆಗೆ ಬಂದರೆ ನಿಮ್ಮಪ್ಪ ಜಗಲಿಯಲ್ಲಿ ಕೂತಿದ್ದರು. ಜೀಪು ಗಡಗಡ ಅನ್ನುತ್ತ ಗೇಟಿನೊಳಗೆ ಬಂದಾಗ ಅಡುಗೆಮನೆಯ ಲೋಟಗಳೆಲ್ಲ ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅವರು ಎದ್ದು ನೋಡಲಿಲ್ಲ. ‘ಯಾವ ಲಾರಿ ಬಂತು?’ ಅಂದರು, ಅಷ್ಟೆ. ನನಗೆ ಮೈಯೆಲ್ಲ ಉರಿಯಿತು. ಬಿಸಿಲಲ್ಲಿ ದಿನಗಟ್ಟಲೆ ಕೂತು ಮಾಡಿಸಿದ ಕೆಲಸಕ್ಕೆ ಇದು ಬಹುಮಾನವೇ? ತಾವಾಗಿ ಬಂದು ಕೇಳಲಿ, ಕೇಳಿದಾಗ ಗುಂಡಿಯ ವಿಷಯ ಹೇಳಿದರಾಯಿತು ಅಂದುಕೊಂಡೆ. ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಒಂದೇ ಸೂರಿನಡಿ ಇದ್ದುಕೊಂಡು, ಸಾರು ಬಡಿಸು, ಸಾಕು, ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಆಗೆಲ್ಲ ನಿನ್ನ ತಮ್ಮನೇ ಜೀಪು ಓಡಿಸುತ್ತಿದ್ದ. ಅವನಿಗೆ ಗ್ಯಾರೇಜಿನಲ್ಲೇ ಎಲ್ಲ ತೋರಿಸಿದ್ದರು. ಅಪ್ಪನಿಗೆ ಅಮ್ಮ ಹೇಳಿರುತ್ತಾಳೆ ಅಂತ ಅವನೂ ಸುಮ್ಮನಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದ ಮಾತಿನಿಂದಲೂ ಹೋಗುತ್ತದೆ ಎಂದು ಗಾದೆ ಕಟ್ಟಿದವರಿಗೆ ಹೊಳೆಯಲಿಲ್ಲ.

ಕಳೆದ ತಿಂಗಳು ಗುಡ್ಡದ ಹೂವೆಲ್ಲ ಮುಗಿಯಿತು. ನಿನ್ನ ತಮ್ಮ ಅಂಗಡಿಯಲ್ಲಿದ್ದಾಗ ನಿಮ್ಮಪ್ಪ ಯಾರಿಗೂ ಹೇಳದೆ ಜೀಪು ತೆಗೆದುಕೊಂಡು ಹೋಗಿ ಪೆಟ್ಟಿಗೆಗಳನ್ನು ತುಂಬಿಕೊಂಡು ಬಂದರು. ಹೊಸ ಎಂಜಿನ್ ಮತ್ತೆ ಸ್ಟಾರ್ಟ್ ಆಗದಿದ್ದರೆ ಎಂದು ಗುಡ್ಡದಲ್ಲಿ ಅದನ್ನು ನಿಲ್ಲಿಸದೆಯೇ, ಚಕ್ರಕ್ಕೆ ಕಲ್ಲು ಕೊಟ್ಟು ತುಂಬಿದ್ದರಂತೆ. ಸದ್ದು ಕೇಳಿ ನಾನು ಜಗಲಿಗೆ ಬಂದೆ. ಆ ಅಲುಗಾಟಕ್ಕೆ ಹುಳಗಳು ಒಳಗೇ ಗುಂಯ್‌ಗುಡುತ್ತಿದ್ದವು. ಹಳೆಯ ಎಂಜಿನ್ನಿನಲ್ಲಿ ತಂದಾಗ ತೊಟ್ಟಿಲಿನಲ್ಲಿ ತಂದ ಹಾಗೆ ತೆಪ್ಪಗೆ ಬರುತ್ತಿದ್ದವು. ಮನೆಯ ಮುಂದಿನ ಏರನ್ನು ಫೋರ್ ವೀಲಿನ ಸಣ್ಣ ಗೇರಿನಲ್ಲೇ ಹತ್ತಿಸಿ, ಎಂದಿನಂತೆ ಗೋಡೆಯ ಪಕ್ಕದ ಜೇನುಪೆಟ್ಟಿಗೆಗಳ ಸಾಲಿನ ಮುಂದೆ ನಿಲ್ಲಿಸಿದರು. ಅವರು ನಿಲ್ಲಿಸುವ ರೀತಿ ನಿನಗೆ ಗೊತ್ತಲ್ಲ, ನಿನಗೆ ಕಲಿಸಿದ್ದೂ ಅದನ್ನೇ. ಆ ಜೀಪಿನ ಹ್ಯಾಂಡ್‌ಬ್ರೇಕ್ ಹುಟ್ಟಿದಾಗಿನಿಂದ ಹಿಡಿದದ್ದಿಲ್ಲ. ಅದಕ್ಕೇ ಗೇರಿನಲ್ಲೇ ಬಿಟ್ಟು, ಕೀಲಿ ತಿರುಗಿಸಿ, ಕ್ಲಚ್ ಬಿಟ್ಟು, ಒಂದು ಕಾಲು ಹೊರಗೆ. ನಾಲ್ಕೂ ಕೆಲಸ ಒಂದೇ ಉಸಿರಿಗೆ. ಅವರ ಕೈಕಾಲು ಅದನ್ನು ಮನಸ್ಸನ್ನು ಕೇಳಿ ಮಾಡುವುದಿಲ್ಲ.

ಕೀಲಿ ತಿರುಗಿಸಿದರು. ಎಂಜಿನ್ ನಿಲ್ಲಲಿಲ್ಲ. ಕ್ಲಚ್ ಬಿಟ್ಟರು. ಜೀಪು ಮುಂದಕ್ಕೆ ಹೋಯಿತು. ಪೆಟ್ರೋಲಾಗಿದ್ದರೆ ಎಲ್ಲಾದರೂ ತಡೆದು ಮುಕ್ಕರಿಸಿ ನಿಂತುಬಿಡುತ್ತಿತ್ತು. ಇದು ನೊಗ ಹೊತ್ತ ಎತ್ತಿನ ಹಾಗೆ ನಿಧಾನವಾಗಿ, ನಿಲ್ಲದೆ, ಅವರನ್ನು ಬಾಗಿಲಿಂದ ಕೆಳಗೆ ಕೆಡವಿ ಪೆಟ್ಟಿಗೆಗಳ ಮೇಲೆ ಹತ್ತಿತು. ಮರ ಮುರಿಯುವ ಸದ್ದು. ಗೋಡೆಗೆ ತಾಗಿದ ಮೇಲೂ ಚಕ್ರ ತಿರುಗುತ್ತಲೇ ಇತ್ತು. ಅವರು ಕುಂಟುತ್ತ ಹೋಗಿ ಕಿಟಕಿಯಿಂದ ಕೈಹಾಕಿ ಕೀಲಿಯನ್ನು ಆಚೆ ಈಚೆ ತಿರುಗಿಸುತ್ತಿದ್ದರು. ನಾನು ‘ಗುಂಡಿ ಎಳೀರಿ! ಗುಂಡಿ!’ ಎಂದು ಕೂಗಿದೆ. ಅವರು ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ಪುಟ್ಟೀ, ದಾರಿ ತಪ್ಪಿದ ಮಗುವಿನ ನೋಟ. ನಾನು ತಲೆಗೆ ಬಟ್ಟೆ ಸುತ್ತಿಕೊಂಡು ಹುಳಗಳ ನಡುವೆಯೇ ನುಗ್ಗಿ ಗುಂಡಿ ಎಳೆದು ಹಿಡಿದೆ. ಎಂಜಿನ್ ನಿಂತಿತು. ಮುಖ ಊದಿ ಎರಡು ದಿನ ನನಗೆ ಕಣ್ಣು ಬಿಡಲಾಗಲಿಲ್ಲ, ಅದು ನನಗೆ ಆಗಬೇಕಾದ್ದೇ. ಅವರ ಪಾದ ಉಳುಕಿತ್ತು, ಮೂಳೆಗೆ ಏನೂ ಆಗಿಲ್ಲ. ಆದರೆ ಒಡೆದ ಪೆಟ್ಟಿಗೆಗಳ ಮುಂದೆ ಕೂತು, ಜೇನಿನಲ್ಲಿ ಮುಳುಗಿದ ಹುಳಗಳನ್ನು ಬೆರಳಿನಿಂದ ಒಂದೊಂದಾಗಿ ಎತ್ತಿ ಎಲೆಯ ಮೇಲೆ ಇಡುತ್ತಿದ್ದರು. ಅರ್ಧದಷ್ಟು ಹೋದವು. ಇಷ್ಟು ವರ್ಷದಲ್ಲಿ ಅವರ ಕೈಯಿಂದ ಒಂದು ಪೆಟ್ಟಿಗೆ ಓರೆಯಾದದ್ದಿಲ್ಲ.

‘ಅಪ್ಪಂಗೆ ವಯಸ್ಸಾಯ್ತು, ಕೀಲಿ ಇನ್ಮೇಲೆ ನನ್ನತ್ರ ಇರ್ಲಿ’ ಎಂದ ನಿನ್ನ ತಮ್ಮ. ನಿಮ್ಮಪ್ಪ ಆಗಲೇ ಕೊಟ್ಟುಬಿಟ್ಟರು. ಅಂದಿನಿಂದ ಜೀಪಿನ ಹತ್ತಿರ ಹೋಗಿಲ್ಲ, ಉಳಿದ ಪೆಟ್ಟಿಗೆಗಳ ಮುಚ್ಚಳವನ್ನೂ ತೆರೆದಿಲ್ಲ. ಅವರಿಗೆ ಹತ್ತಿರುವ ಭಯ ಬೇರೆಯೇ. ನಿನ್ನ ದೊಡ್ಡಪ್ಪ ಕೊನೆಕೊನೆಗೆ ಕಾಲಿಗೆ ಹಾಕಿಕೊಂಡ ಚಪ್ಪಲಿಯನ್ನೇ ಮನೆಯೆಲ್ಲ ಹುಡುಕುತ್ತಿದ್ದರಲ್ಲ, ಅವರನ್ನು ನೋಡಿಕೊಂಡವರು ಇವರೇ ಅಲ್ಲವೇ? ತಮಗೂ ಅದೇ ಶುರುವಾಯಿತು ಅಂದುಕೊಂಡಿದ್ದಾರೆ. ಗುಂಡಿಯ ವಿಷಯ ನಾನು ಹೇಳಿದ್ದೆ, ತಾವೇ ಮರೆತದ್ದು ಎಂದು ನಂಬಿ ಕೂತಿದ್ದಾರೆ. ಬೆಳಿಗ್ಗೆ ಎದ್ದು ತಮ್ಮಷ್ಟಕ್ಕೆ ತಾವೇ ನಮ್ಮೆಲ್ಲರ ಹೆಸರು ಹೇಳಿಕೊಳ್ಳುವುದನ್ನು ಬಾಗಿಲ ಹಿಂದೆ ನಿಂತು ಕೇಳಿದ್ದೇನೆ.

ನಾನು ಹೇಳಿದೆ, ಪುಟ್ಟೀ. ನನ್ನ ಬಾಯಿಂದ ಅಂಥ ಮಾತು ಬರುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತು. ಊಟಕ್ಕೆ ಕೂತಾಗ, ‘ರೀ, ತಪ್ಪು ನಂದು. ಗುಂಡಿ ವಿಷಯ ನಿಮಗೆ ನಾನು ಹೇಳೇ ಇರ್ಲಿಲ್ಲ. ಬೇಕು ಅಂತಲೇ ಹೇಳಲಿಲ್ಲ’ ಅಂದೆ. ಅವರು ತುತ್ತು ಕೆಳಗಿಟ್ಟು ನಕ್ಕರು. ‘ನೀನಾ? ನೀನು ಹೇಳದೇ ಬಿಟ್ಟಿದ್ದು ಈ ಮನೇಲಿ ಏನಾದ್ರೂ ಇದ್ಯಾ? ಚಪ್ಪಲಿ ಎಲ್ಲಿ ಬಿಡ್ಬೇಕು ಅಂತ ಮದುವೆಯಾದಾಗಿಂದ ದಿನಾ ಹೇಳ್ತಿದ್ದೀಯ’ ಅಂದರು. ಆಮೇಲೆ ಮೆತ್ತಗೆ, ‘ನೀನೇ ತಪ್ಪು ಒಪ್ಕೊಳ್ತಿದ್ದೀಯ ಅಂದ್ರೆ ನನ್ನ ಸ್ಥಿತಿ ನಾನಂದುಕೊಂಡಿದ್ದಕ್ಕಿಂತ ಕೆಟ್ಟಿರ್ಬೇಕು’ ಅಂದರು. ಮೆಕ್ಯಾನಿಕ್ಕನನ್ನು ಕರೆಸಿ ಹೇಳಿಸಿದೆ. ‘ಇವಳು ಹೇಳಿಕೊಟ್ಟು ಕಳಿಸಿದ್ದಾಳೆ, ಪಾಪ, ನಿನಗೂ ಅವಳಂದ್ರೆ ಭಯ’ ಎಂದು ಅವನಿಗೇ ಸಮಾಧಾನ ಹೇಳಿ ಕಳಿಸಿದರು. ಜೀವನವಿಡೀ ತಪ್ಪೇ ಮಾಡದವಳು ಎಂದು ಹೆಸರು ಗಳಿಸಿದೆ. ಈಗ ನಿಜವಾಗಿ ಮಾಡಿದ ತಪ್ಪು ನನ್ನದೆಂದು ಯಾರೂ ನಂಬುವುದಿಲ್ಲ. ಅಡ್ಡಪಟ್ಟಿ ಕೊಯ್ದದ್ದಾಯಿತು, ಹಳೇ ಎಂಜಿನ್ ಮತ್ತೆ ಕೂರುವುದಿಲ್ಲ. ನೀನು ಒಂದು ಸಾಲಿನಲ್ಲಿ ಬರೆದದ್ದನ್ನು ನಾನು ಸರಿಯಾಗಿ ಓದಬೇಕಿತ್ತು.

ಮೈಮೇಲೆ ಎಚ್ಚರವಿಟ್ಟು ಕೆಲಸ ಮಾಡು. ನಿನ್ನ ಎಂಜಿನ್ನುಗಳು ನಿನ್ನ ಮಾತು ಕೇಳಲಿ, ನೀನು ಹಿರಿಯರ ಮಾತು ಕೇಳು. ತಲೆಗೆ ಎಣ್ಣೆ ಹಾಕಿಕೋ. ಎಲ್ಲಿದ್ದರೂ ಒಣಗಿದ ಬಟ್ಟೆ, ಬಿಸಿಯಾದ ಊಟ ಸಿಗಲಿ ಎಂದು ಹರಸುವ,

ನಿನ್ನ ಅಮ್ಮ

ಮರೆತೆ (ಈ ಪದ ಈಗ ಬಹಳ ಉಪಯೋಗಕ್ಕೆ ಬರುತ್ತಿದೆ, ಮುಂದೆ ಓದು): ನಿಮ್ಮಪ್ಪ ಎರಡು ಮಾತು ನಂಬಿದ್ದಾರೆ. ನಾನು ಹೇಳದೆ ಬಿಡುವವಳಲ್ಲ, ನಾನು ಮರೆಯುವವಳೂ ಅಲ್ಲ. ಮೊದಲನೆಯದನ್ನು ಸುಳ್ಳು ಮಾಡಲು ನನ್ನಿಂದ ಆಗಲಿಲ್ಲ. ಅದಕ್ಕೇ ಎರಡನೆಯದನ್ನು ಹಿಡಿದುಕೊಂಡಿದ್ದೇನೆ. ಈ ವಾರ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡೇ ಕನ್ನಡಕ ಕೇಳಿದೆ. ನಿನ್ನೆ ನಿನ್ನ ತಮ್ಮನ ಜೇಬಿನಿಂದ ಕೀಲಿ ತೆಗೆದು ಶೆಡ್ಡಿಗೆ ಹೋಗಿ ಜೀಪು ಸ್ಟಾರ್ಟ್ ಮಾಡಿ, ‘ರೀ, ಇದನ್ನ ನಿಲ್ಲಿಸೋದು ಹೇಗೆ? ಮೆಕ್ಯಾನಿಕ್ ಏನೋ ಹೇಳಿದ್ದ, ನಂಗೆ ಮರ್ತೇ ಹೋಯ್ತು’ ಎಂದು ಕೂಗಿದೆ. ಅವರು ಬಂದರು. ಕುಂಟಿಕೊಂಡೇ ಬಂದರು. ಗುಂಡಿ ಎಳೆದು, ಅದು ಉಸಿರು ಬಿಡುವ ತನಕ ಹಿಡಿದುಕೊಂಡು, ನನ್ನ ಮುಖವನ್ನೇ ನೋಡುತ್ತ, ‘ಅವತ್ತು ನಂಗೆ ಹೇಳೋದನ್ನೂ ನೀನು ಮರ್ತಿದ್ದೆ ಅನ್ಸುತ್ತೆ’ ಅಂದರು. ‘ಇರಬಹುದು’ ಅಂದೆ. ಕೀಲಿಯನ್ನು ತಾವೇ ಇಟ್ಟುಕೊಂಡರು. ಇವತ್ತು ಬೆಳಿಗ್ಗೆ ಪೆಟ್ಟಿಗೆಗಳ ಮುಚ್ಚಳ ತೆರೆದಿದ್ದಾರೆ. ನೀನು ಮುಂದಿನ ಸಲ ಫೋನ್ ಮಾಡಿದಾಗ ಅವರು ಹಿತ್ತಲಿಗೆ ಹೋಗಿ ಗುಟ್ಟಾಗಿ ಕೇಳುತ್ತಾರೆ, ‘ನಿಮ್ಮಮ್ಮಂಗೆ ಮರೆವು ಶುರುವಾಗಿರೋದು ನಿಂಗೇನಾದ್ರೂ ಗೊತ್ತಾಯ್ತಾ?’ ಅಂತ. ಹೌದು ಅನ್ನು. ಒಂದೇ ಸಲ ಅನ್ನು. ಜಾಸ್ತಿ ಹೇಳಿದರೆ, ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ತಾವೇ ಓಡಿಸಿಕೊಂಡು ಡಾಕ್ಟರ ಹತ್ತಿರ ಹೋಗಿಬಿಡುತ್ತಾರೆ.