ಬೆಣ್ಣೆ ಬಿಟ್ಟ ಮೇಲೆ

ಗುರುವಾರ, ಮಧ್ಯಾಹ್ನ

ನನ್ನ ಮುದ್ದಿನ ಕಳ್ಳಿಗೆ,

ನಾನು ಚೆನ್ನಾಗಿದ್ದೇನೆ. ನಿನ್ನ ಯೋಗಕ್ಷೇಮವನ್ನು ಈ ಕಾಗದದ ಕೊನೆಗೆ ವಿಚಾರಿಸುತ್ತೇನೆ, ಅಷ್ಟು ಹೊತ್ತಿಗೆ ನಿನಗೇ ಅದು ಬೇಕಾಗಬಹುದು. ದಿನಾ ಸಂಜೆ ಫೋನಿನಲ್ಲಿ ಹರಟುವ ಅಮ್ಮ ಕಾಗದ ಯಾಕೆ ಬರೆದಳು ಅಂತ ಹುಬ್ಬೇರಿಸಬೇಡ. ಈ ಮನೆಯಲ್ಲಿ ಫೋನನ್ನು ನಂಬುವ ಹಾಗಿಲ್ಲ ಅಂತ ನಿನ್ನೆ ಗೊತ್ತಾಯಿತು.

ವಿಷಯ ನಿಮ್ಮಪ್ಪನದು. ಹೃದಯದ ಡಾಕ್ಟರು ಬೆಣ್ಣೆ ಬಿಡಿಸಿದ ಮೇಲೆ ಅವರು ಎಲ್ಲವನ್ನೂ ಬಿಟ್ಟರು, ಸಂಜೆಯ ಪಾಪ್‌ಕಾರ್ನ್ ಒಂದನ್ನು ಬಿಡಲಿಲ್ಲ. ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡಿಯೇ ಸಂಬಳ ತೆಗೆದುಕೊಳ್ಳುವ ಮನುಷ್ಯ, ಹಿಟ್ಟಿನ ಮೂಟೆ ಬಿಚ್ಚುವಾಗಲೇ ಇದು ಹಳೆಯದು ಅನ್ನುವವರು. ಅಂಥವರಿಗೆ ಬೆಣ್ಣೆಯಿಲ್ಲದೆ, ಉಪ್ಪು ಹೆಚ್ಚಿಸದೆ ರುಚಿ ಹತ್ತಿಸುವುದು ಹುಡುಗಾಟವಲ್ಲ. ಮೊದಲ ದಿನ ಕಾಳುಮೆಣಸಿನ ಪುಡಿ ಉದುರಿಸಿದೆ, ಅಷ್ಟೂ ಬಟ್ಟಲಿನ ತಳ ಸೇರಿತು. ಪುಡಿ ಅಂಟಲಿ ಅಂತ ಲಿಂಬೆರಸ ಚಿಮುಕಿಸಿದೆ, ಪಾಪ್‌ಕಾರ್ನ್ ಒದ್ದೆ ಹತ್ತಿಯಂತಾಯಿತು. ನೆನೆದ ರಟ್ಟು ತಿನ್ನಿಸ್ತಾ ಇದೀಯಾ ಅಂದರು. ಕೊನೆಗೆ ನನ್ನ ಹೊಲಿಗೆಯ ಕೆಲಸವೇ ಕೈಹಿಡಿಯಿತು. ಇಸ್ತ್ರಿಗೆ ಮುಂಚೆ ಬಟ್ಟೆಗೆ ನೀರು ಸಿಂಪಡಿಸುತ್ತೇನಲ್ಲ, ಅಂಥದೇ ಹೊಸ ಬಾಟಲಿಗೆ ಕಡಲೆಕಾಯಿ ಎಣ್ಣೆ ತುಂಬಿದೆ. ಪಾಪ್‌ಕಾರ್ನ್ ಬಿಸಿಯಿರುವಾಗಲೇ ಒಂದೆರಡು ಸಲ ಫುಸ್ ಅನ್ನಿಸಿ, ನುಣ್ಣಗೆ ಜರಡಿ ಹಿಡಿದ ಪುಡಿ ಹಾಕಿ, ಮುಚ್ಚಳ ಮುಚ್ಚಿ ಕುಲುಕಿದರೆ ಒಂದೊಂದಕ್ಕೂ ಹಿಡಿಯುತ್ತದೆ. ಒಂದು ದಿನ ಹುರಿದ ಎಳ್ಳು, ಒಂದು ದಿನ ಒಣಗಿಸಿದ ಟೊಮೆಟೊ ಜೊತೆ ಬೆಳ್ಳುಳ್ಳಿ, ಮತ್ತೊಂದು ದಿನ ದಾಲ್ಚಿನ್ನಿ. ಅವರು ಪರೀಕ್ಷಕರ ಹಾಗೆ ಕೂತು, ಎಳ್ಳು ಹೊತ್ತಿದೆ, ಬೆಳ್ಳುಳ್ಳಿ ಹಸಿಹಸಿ ಅಂತ ತಪ್ಪು ತೆಗೆಯುತ್ತಲೇ ಇದ್ದರು. ನನಗೆ ಅದೇ ಚೆನ್ನಾಗಿತ್ತು.

ಹೋದ ತಿಂಗಳು ಆ ಹಾಳು ನೆಗಡಿ ಬಂದು ಹೋಯಿತಲ್ಲ, ಆಮೇಲೆ ಮನುಷ್ಯನೇ ಬದಲಾದರು. ದಿನಾ ಹೊಗಳಿಕೆ, ದಿನಾ ಖಾಲಿ ಬಟ್ಟಲು. ಮದುವೆಯಾದಾಗಿನಿಂದ ನನ್ನ ಅಡುಗೆಗೆ ಕೊಂಕು ತೆಗೆದ ಗಂಡ ಇದ್ದಕ್ಕಿದ್ದ ಹಾಗೆ ಹೊಗಳಿದರೆ ಯಾವ ಹೆಂಡತಿಗೆ ನೆಮ್ಮದಿ ಇರುತ್ತದೆ ಹೇಳು. ಹೊರಗೆ ಎಲ್ಲೋ ಬೆಣ್ಣೆ ಮುಕ್ಕಿ ಬರುತ್ತಿದ್ದಾರೆ, ಮನೆಯಲ್ಲಿ ನನ್ನ ಕಿವಿಗೆ ಹೂವಿಡುತ್ತಿದ್ದಾರೆ ಅಂತ ಖಾತ್ರಿಯಾಯಿತು. ಅಂಗಿಯ ತೋಳು ಬೆಳಕಿಗೆ ಹಿಡಿದು ಜಿಡ್ಡು ಹುಡುಕಿದೆ, ಜೇಬು ತಿರುವಿ ಹಾಕಿದೆ. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಅನುಮಾನ ಇನ್ನೂ ಹೆಚ್ಚಾಯಿತು.

ಒಂದು ಸಂಜೆ ಗಿರಾಕಿಯ ರವಿಕೆ ಅಳತೆ ನೆಪ ಹೇಳಿ, ಕಾರ್ಖಾನೆಯ ಎದುರಿನ ಬಸ್ ನಿಲ್ದಾಣದಲ್ಲಿ ಕೊಡೆ ಮರೆಮಾಡಿಕೊಂಡು ನಿಂತೆ. ನಗಬೇಡ. ಬೇಕರಿಯ ಮುಂದೆಯೇ ಹೋದರು, ತಿರುಗಿಯೂ ನೋಡಲಿಲ್ಲ. ತರಕಾರಿ ಗಾಡಿಯ ಹತ್ತಿರ ನಿಂತು ಒಂದು ಕಟ್ಟು ಪುದೀನ ಕೊಂಡರು. ಎಲೆ ಕಿತ್ತು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದರು, ಮತ್ತೆ ತಿಕ್ಕಿದರು, ಮತ್ತೆ ಹಿಡಿದರು. ಆಮೇಲೆ ಇಡೀ ಕಟ್ಟನ್ನು ಕಸದ ಡಬ್ಬಿಗೆ ಹಾಕಿ ತಲೆ ತಗ್ಗಿಸಿ ನಡೆದರು. ಬೆಣ್ಣೆಯ ವಾಸನೆ ಮುಚ್ಚಿಹಾಕಲು ಪುದೀನ ಅಂತ ನಾನು ಹಲ್ಲು ಕಡಿದೆ. ಒಂದು ಎಲೆಯನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲವಲ್ಲ ಅಂತ ಯೋಚಿಸುವ ತಾಳ್ಮೆ ನನಗೆಲ್ಲಿ?

ಸೋಮವಾರ ನೀನು ಪ್ರಯಾಣದಲ್ಲಿದ್ದೆ, ಫೋನ್ ಮಾಡಲಿಲ್ಲ. ಅವತ್ತು ದಾಲ್ಚಿನ್ನಿ ಹಾಕಿದ್ದೆ. ನಿಮ್ಮಪ್ಪ ತಿಂದು, ಖಾರ ಹದವಾಗಿದೆ ಅಂದರು. ಆಗ ನನ್ನ ಅನುಮಾನ ಬೆಣ್ಣೆ ಬಿಟ್ಟು ನಿನ್ನ ಮೇಲೆ ಬಂತು. ಈ ನೆಗಡಿಯ ನಂತರವೇ ಅಲ್ಲವಾ, ಇವತ್ತು ಪಾಪ್‌ಕಾರ್ನಿಗೆ ಏನು ಹಾಕ್ತೀಯಮ್ಮಾ ಅಂತ ನೀನು ದಿನಾ ಕೇಳತೊಡಗಿದ್ದು? ಮಗಳಿಗೆ ಅಡುಗೆಯಲ್ಲಿ ಆಸಕ್ತಿ ಬಂತು ಅಂತ ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡು ಬಂದಿದ್ದೆ.

ನಿನ್ನೆ ನೀನು ಕೇಳಿದಾಗ, ಲಿಂಬೆಸಿಪ್ಪೆ ತುರಿದು ಕಾಳುಮೆಣಸು ಹಾಕ್ತೀನಿ ಅಂದೆ. ಫೋನ್ ಇಟ್ಟು ಎರಡು ನಿಮಿಷಕ್ಕೆ ಬಾಲ್ಕನಿಯಲ್ಲಿ ಅವರ ಫೋನ್ ಗುನುಗಿತು. ನಾನು ಏನನ್ನೂ ಹಾಕಲಿಲ್ಲ. ಎಣ್ಣೆಯಿಲ್ಲ, ಉಪ್ಪಿಲ್ಲ, ಬರೀ ಕಾಳು ಅರಳಿಸಿ ತಂದಿಟ್ಟೆ. ಅವರು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಲಿಂಬೆ ಘಮ್ ಅಂತಿದೆ, ಮೆಣಸು ಮಾತ್ರ ಸ್ವಲ್ಪ ಜಾಸ್ತಿಯಾಯ್ತು ನೋಡು ಅಂದರು.

ಆ ನೆಗಡಿ ಹೋಗುವಾಗ ಅವರ ಮೂಗು, ನಾಲಿಗೆ ಎರಡನ್ನೂ ಹೊತ್ತುಕೊಂಡು ಹೋಗಿದೆ ಮಗಳೇ. ಆ ಪುದೀನ ಯಾಕೆ ಕಸಕ್ಕೆ ಹೋಯಿತು ಅಂತ ಆಗ ತಿಳಿಯಿತು. ಇಷ್ಟು ದಿನ ಅವರು ಕಾರ್ಖಾನೆಯಲ್ಲಿ ಹೇಗೆ ದಿನ ದೂಡುತ್ತಿದ್ದಾರೋ, ಯಾರ ಮುಖ ನೋಡಿ ಯಾವ ಬಿಸ್ಕತ್ತಿಗೆ ತಲೆಯಾಡಿಸುತ್ತಿದ್ದಾರೋ. ಅಮ್ಮನಿಗೆ ತಿಳಿದರೆ ಬೀದಿಗೆಲ್ಲ ತಿಳಿಯುತ್ತದೆ, ಕೆಲಸ ಹೋಗುತ್ತದೆ ಅಂತ ತಾನೆ ನೀವಿಬ್ಬರೂ ಸೇರಿ ನನ್ನನ್ನು ಹೊರಗಿಟ್ಟಿದ್ದು? ನನಗೆ ತುಂಬಾ ನೋವಾಗಿದೆ. ಅದಕ್ಕಿಂತ ಹೆಚ್ಚು ಭಯವಾಗಿದೆ. ಬೆಳಗ್ಗೆ ನಾನು ಏಳುವ ಮೊದಲು ಗ್ಯಾಸ್ ಒಲೆ ಹಚ್ಚುವವರು ಅವರು. ಸೋರಿದರೆ ಗೊತ್ತಾಗುವುದು ಯಾರಿಗೆ?

ಈ ಭಾನುವಾರ ಬಾ. ನಿನ್ನ ಯೋಚನೆಯೇ ಎಂಬಂತೆ ಅವರನ್ನು ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ವಾಸಿಯಾಗುವುದಾದರೆ ಸರಿ. ಆಗದಿದ್ದರೆ ಕಾರ್ಖಾನೆಯಲ್ಲಿ ಅವರೇ ಬಾಯಿಬಿಟ್ಟು ಹೇಳಲಿ, ಕೆಲಸ ಹೋದರೆ ಹೋಗಲಿ, ನನ್ನ ಹೊಲಿಗೆ ಯಂತ್ರ ಇನ್ನೂ ಓಡುತ್ತಿದೆ. ಈಗ ಹೇಳು, ನೀನು ಕ್ಷೇಮ ತಾನೆ?

ಇಂತಿ,
ನೀವಿಬ್ಬರೂ ದಡ್ಡಿ ಅಂದುಕೊಂಡಿರುವ
ನಿನ್ನ ಅಮ್ಮ

ತಾ.ಕ.: ಮೆಣಸು ಜಾಸ್ತಿಯಾಯ್ತು ಅಂದಾಗ ನಾನೇನು ಅಂದೆ ಅಂತ ಬರೆಯಲಿಲ್ಲ. ಹೌದು, ಕೈ ಜಾರಿತು ಅಂದೆ. ಪಕ್ಕದಲ್ಲಿ ಕೂತು ಅರ್ಧ ಬಟ್ಟಲು ನಾನೂ ತಿಂದೆ. ಭಾನುವಾರದವರೆಗೆ ಎಂದಿನ ಹಾಗೆ ಫೋನ್ ಮಾಡಿ ಏನು ಹಾಕ್ತೀಯಮ್ಮಾ ಅಂತ ಕೇಳು. ಇನ್ನು ನಿಜವನ್ನೇ ಹೇಳುತ್ತೇನೆ, ಅವರಿಗೆ ತಪ್ಪದೆ ತಿಳಿಸು.