ಕಡೆಯವರ ಪಗಾರ

ಗದಗ
ಇಸವಿ 2231, ಫೆಬ್ರವರಿ 30

ಹಣಕಾಸು ಕಚೇರಿಗಳಲ್ಲಿ ಕೂತು ತಿಂಗಳು ತಿಂಗಳು ಸಿಬ್ಬಂದಿಯ ಪಗಾರದ ಬಿಲ್ಲು ಮಾಡುವ ಹಿರಿಯರಿಗೆ ನೀಲಾಂಬಿಕಾ ಮುಳಗುಂದ ಮಾಡುವ ಶರಣು.

ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಪಂಚಾಂಗ ತಿದ್ದಿದವರು ಸುಲಭವಾಗಿ ತಿದ್ದಿಬಿಟ್ಟರು. ಹೆಚ್ಚಾದ ದಿನಗಳಿಗೆ ಪಗಾರ ಕೊಡುವವರಾರು ಎಂದು ನಮ್ಮ ಕಚೇರಿಯ ನೌಕರರು ಹೂಡಿದ ಜಗಳ ಮುಗಿಯಲು ಮಾತ್ರ ವರ್ಷಗಳೇ ಬೇಕಾದವು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿರದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕಾಲದ ಸುತ್ತೋಲೆಗಳನ್ನು ನಾನು ಓದಿದ್ದೇನೆ. ಅದರ ಮುಂದೆ ನನ್ನ ಕನ್ನಡ ಸುಲಿದ ಬಾಳೆಹಣ್ಣು.

ಈ ಓಲೆ ಬಂದದ್ದು ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ. ಬಹಳ ದುಬಾರಿ ಸೇವೆ. ಕೆಲಸದಿಂದ ನಿವೃತ್ತರಾಗುವ ದಿನ ಒಂದೇ ಒಂದು ಓಲೆ ಕಳಿಸಲು ನಮ್ಮಂಥವರಿಗೆ ಅವಕಾಶವಿದೆ. ಇದರ ಖರ್ಚನ್ನೂ ನಿಗಮದ ಲೆಕ್ಕದಲ್ಲಿ ತೋರಿಸಿ ಜನರ ಒಪ್ಪಿಗೆ ಪಡೆದಿದ್ದೇನೆ. ನರಗುಂದದ ಕಡೆಯ ಒಬ್ಬ ಅಜ್ಜ ಮಾತ್ರ ಸತ್ತವರಿಗೆ ಕಾಗದ ಬರೆಯುವುದೇಕೆ ಎಂದು ಕೇಳಿದ. ಅವರೆಲ್ಲ ಇನ್ನೂ ಬದುಕಿರುವಾಗಲೇ ತಲುಪುತ್ತದೆ ಎಂದು ಹೇಳಿದ ಮೇಲೆ ಅವನೂ ಕೈ ಎತ್ತಿದ.

ನಾನು ಊರುಸಾಲ ನಿಗಮದ ಕಡೆಯವಳು. ಊರುಸಾಲ ಎಂದರೆ ಊರಿಗೆ ಊರೇ ಸೇರಿ ತೆಗೆದುಕೊಳ್ಳುವ ಸಾಲ. ನೀರಿನ ತೊಟ್ಟಿಗೆ, ಶಾಲೆಗೆ, ಸೇತುವೆಗೆ, ಚರಂಡಿಗೆ. ಕಡೆಯವರು ಎಂದರೆ ನೀವು ವ್ಯವಸ್ಥಾಪಕ ನಿರ್ದೇಶಕರು ಎಂದು ಕರೆಯುತ್ತಿದ್ದ ಹುದ್ದೆ. ಹೆಸರು ಹೀಗಾಗಲು ಕಾರಣ ನಮ್ಮ ಪಗಾರದ ಪದ್ಧತಿ. ನಮ್ಮಲ್ಲಿ ಪಗಾರ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ತಿಂಗಳ ಕೊನೆಯ ದಿನ ಕಿಟಕಿ ತೆರೆದ ಕೂಡಲೇ ಮೊದಲು ಬರುವವಳು ಕಸ ಗುಡಿಸುವ ಫಕ್ಕೀರವ್ವ ದೊಡ್ಡಮನಿ. ಆ ದಿನ ಅವಳು ಇಳಕಲ್ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬರುತ್ತಾಳೆ. ಅವಳ ಹಿಂದೆ ಕಾವಲಿನವರು, ಅಡುಗೆಯವರು, ಗುಮಾಸ್ತರು, ಲೆಕ್ಕಿಗರು, ಎಲ್ಲರೂ ಮುಗಿದ ಮೇಲೆ ನಾನು. ಹಣ ಗಾಳಿಯಲ್ಲೇ ಓಡಾಡುವ ಕಾಲವಿದು. ಆದರೂ ಪಗಾರವನ್ನು ಕಿಟಕಿಯಲ್ಲಿ ಕೈಗೇ ಕೊಡುತ್ತೇವೆ. ಯಾರು ಯಾರ ಮುಂದೆ ನಿಂತಿದ್ದಾರೆ ಎಂಬುದು ಎಲ್ಲರಿಗೂ ಕಾಣಬೇಕು. ಹಣ ಕಡಿಮೆ ಬಿದ್ದರೆ ಬೀಳುವುದು ನನ್ನ ಪಾಲಿಗೆ. ಅದಕ್ಕೇ ಈ ನಿಗಮದಲ್ಲಿ ಖರ್ಚಿನ ಮೇಲೆ ಕಣ್ಣಿಡಲು ಬೇರೆ ಅಧಿಕಾರಿ ಬೇಕಾಗಿಲ್ಲ.

ಖರ್ಚಿಗೆ ನಮಗೆ ಸರ್ಕಾರ ಏನೂ ಕೊಡುವುದಿಲ್ಲ. ಊರುಗಳು ಸಾಲ ತೀರಿಸುವಾಗ ನೂರಕ್ಕೆ ಒಂದು ರೂಪಾಯಿ ನಿಗಮ ನಡೆಸಲು ಉಳಿಯುತ್ತದೆ. ಅದಕ್ಕೆ ಒಗ್ಗರಣೆ ಎನ್ನುತ್ತೇವೆ. ಅಡುಗೆ ಊರಿನವರದು, ಒಗ್ಗರಣೆ ನಮ್ಮದು. ಹೆಚ್ಚಾದರೆ ಕಹಿ, ಹಾಕದಿದ್ದರೆ ಬಾಯಿಗೆ ಹತ್ತದು. ಪಗಾರ, ಚಹಾ, ಕಟ್ಟಡದ ಸುಣ್ಣ, ಗಾಳಿಬಂಡಿಯ ರಿಪೇರಿ, ಎಲ್ಲವೂ ಇದರಲ್ಲೇ ಆಗಬೇಕು. ಗಾಳಿಬಂಡಿ ಎಂದರೆ ಕಪ್ಪತ್ತಗುಡ್ಡದ ಗಾಳಿಯಿಂದ ತುಂಬಿಸಿಕೊಂಡ ಶಕ್ತಿಯಲ್ಲಿ ಓಡುವ ಬಂಡಿ. ನಮ್ಮಲ್ಲಿರುವುದು ಒಂದೇ, ನನಗೂ ಸರದಿ ಬಂದಾಗಲೇ ಸಿಗುತ್ತದೆ. ನನ್ನ ಪಗಾರ ಫಕ್ಕೀರವ್ವನ ಪಗಾರದ ನಾಲ್ಕು ಪಟ್ಟು ಮೀರುವಂತಿಲ್ಲ. ನನಗೆ ಹೆಚ್ಚು ಬೇಕಿದ್ದರೆ ಮೊದಲು ಅವಳಿಗೆ ಹೆಚ್ಚಿಸಬೇಕು. ಇದು ಗೊತ್ತಿರುವುದರಿಂದ ಅವಳು ಆಗಾಗ ನನ್ನ ಕೋಣೆಗೆ ಬಂದು, ‘ಅಕ್ಕಾರ, ನಿಮಗ ಈ ಪಗಾರ ಸಾಲತೈತೇನ್ರಿ?’ ಎಂದು ಬಹಳ ಕಾಳಜಿಯಿಂದ ವಿಚಾರಿಸುತ್ತಾಳೆ.

ವರ್ಷದ ಒಗ್ಗರಣೆ ಆ ವರ್ಷಕ್ಕೇ ಮುಗಿಯಬೇಕು. ಯಾರ ಪಗಾರ ಬಾಕಿ ಉಳಿದರೂ ಮುಂದಿನ ವರ್ಷದ ತಲೆಗೆ ಕಟ್ಟುವಂತಿಲ್ಲ. ನಮ್ಮ ಲೆಕ್ಕದ ವರ್ಷ ಮುಗಿಯುವುದು ಇವತ್ತು, ಫೆಬ್ರವರಿ ಮೂವತ್ತಕ್ಕೆ. ನನ್ನ ನೌಕರಿ ಮುಗಿಯುವುದೂ ಇವತ್ತೇ. ನನಗೆ ಐದು ತಿಂಗಳಿಂದ ಪಗಾರ ಬಂದಿಲ್ಲ.

ಇದಕ್ಕೆ ಕಾರಣಳಾದವಳನ್ನು ನಿಮಗೆ ಪರಿಚಯಿಸಬೇಕು. ಹೆಸರು ಸಾವಂತ್ರೆವ್ವ ಹುಯಿಲಗೋಳ. ನಮ್ಮಲ್ಲಿ ಹೋಗಿಬರುವವರು ಎಂಬ ಹದಿನೆಂಟು ಜನರಿದ್ದಾರೆ. ಸಾಲ ಕೇಳಿದ ಊರಿಗೆ ಹೋಗಿ, ಅಲ್ಲೇ ನಾಲ್ಕು ದಿನ ಇದ್ದು, ನೋಡಿ ಬರುವುದು ಅವರ ಕೆಲಸ. ಆ ಊರಿನ ನೀರು ಬಿಟ್ಟು ಬೇರೇನನ್ನೂ ಮುಟ್ಟುವಂತಿಲ್ಲ, ರೊಟ್ಟಿ ಇಲ್ಲಿಂದಲೇ ಕಟ್ಟಿಕೊಂಡು ಹೋಗುತ್ತಾರೆ. ಸಾವಂತ್ರೆವ್ವ ಅವರಲ್ಲಿ ಹಿರಿಯಳು, ಬಾಯಿ ಜೋರು, ತನ್ನಂಥ ನೋಟ ಯಾರಿಗೂ ಇಲ್ಲವೆಂದು ತಾನೇ ಸಾರಿಕೊಂಡು ತಿರುಗುತ್ತಾಳೆ. ಹೋದ ಮಳೆಗಾಲದಲ್ಲಿ ಬೆಣ್ಣೆಹಳ್ಳ ಉಕ್ಕಿ ಮೂರು ಊರುಗಳ ಸೇತುವೆ ಕೊಚ್ಚಿಹೋಯಿತು. ಅವಳು ಹೋಗಿ ನೋಡಿ ಬಂದು, ಈ ಊರುಗಳು ಈ ವರ್ಷ ಕಂತು ಕಟ್ಟಲಾರವು, ಒಂದು ವರ್ಷ ವಾಯಿದೆ ಕೊಡಬೇಕು ಎಂದಳು. ನಾನು ಒಪ್ಪಿ ಸಹಿ ಮಾಡಿದೆ. ಮೂರು ದೊಡ್ಡ ಊರುಗಳ ಕಂತು ನಿಂತಿತು, ಅದರ ಜೊತೆ ಒಗ್ಗರಣೆಯೂ ನಿಂತಿತು. ಕಿಟಕಿಯಲ್ಲಿ ಹಣ ನನ್ನ ಮುಂದೆ ನಿಂತವರ ತನಕ ಬಂದು ಮುಗಿಯತೊಡಗಿತು.

ಮನೆಯಲ್ಲಿ ನನ್ನ ಯಜಮಾನರು ಶಿವಪುತ್ರಪ್ಪ ಇದನ್ನು ನಗುತ್ತಲೇ ತೆಗೆದುಕೊಂಡರು. ‘ನೀ ಕಡೆಯಾಕಿ ಅನ್ನೋದು ನನಗ ಲಗ್ನದಾಗ ಗೊತ್ತಾಗಿತ್ತು, ಅಕ್ಕಿಕಾಳು ಬಿದ್ದ ಮ್ಯಾಲೆ ಮಂಟಪಕ್ಕ ಬಂದಾಕಿ ನೀ’ ಎಂದರು. ಆದರೆ ಮುಳಗುಂದದಲ್ಲಿ ನಾವು ಎರಡು ಕೋಣೆಯ ಒಂದು ಮನೆಗೆ ಮುಂಗಡ ಕೊಟ್ಟಿದ್ದೆವು. ನಿವೃತ್ತಿಯ ಮೇಲೆ ಅಲ್ಲೇ ಇರುವ ಆಸೆ. ಉಳಿದ ಹಣವನ್ನು ನನ್ನ ಈ ಐದು ತಿಂಗಳ ಪಗಾರದಲ್ಲಿ ಇವತ್ತಿನೊಳಗೆ ಕೊಡಬೇಕಿತ್ತು. ಆ ಮನೆಯ ಹಿತ್ತಲಲ್ಲಿ ಏನೇನು ಹಾಕಬೇಕು ಎಂದು ಅವರು ದಿನಾ ಹೇಳುತ್ತಿದ್ದರು. ತಿಂಗಳುಗಳು ಕಳೆದಂತೆ ಹೇಳುವುದನ್ನು ಬಿಟ್ಟರು. ಆ ಮನೆ ನನಗೂ ಬೇಕಿತ್ತು, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ಮೇಲ್ಮಂಡಳಿಯವರು ಒಂದು ಉಪಾಯ ಕಳಿಸಿದರು. ಮೇಲ್ಮಂಡಳಿ ಎಂದರೆ ಎಲ್ಲ ನಿಗಮಗಳ ಮೇಲಿರುವವರು. ಹದಿನೆಂಟು ಜನ ಹೋಗಿಬರುವವರನ್ನು ಬಿಟ್ಟುಬಿಡಿ, ಅವರ ಬದಲು ನೋಡುಗವನ್ನು ಇಟ್ಟುಕೊಳ್ಳಿ, ವೆಚ್ಚ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಹೂಂ ಎಂದ ದಿನವೇ ಈ ವರ್ಷದ ಬಾಕಿ ಪಗಾರಗಳಿಗೆ ನಾವು ಹಣ ಕೊಡುತ್ತೇವೆ ಎಂದರು. ನೋಡುಗ ಎಂದರೆ ಆಕಾಶದಲ್ಲಿ ನಿಂತು ನೆಲವನ್ನೆಲ್ಲ ನೋಡಿ ವರದಿ ಮಾಡುವ ಯಂತ್ರ. ಬಾಕಿ ಪಗಾರ ಇದ್ದದ್ದು ಒಂದೇ, ನನ್ನದು.

ದೂರದ ಬೆಟ್ಟ ನುಣ್ಣಗೆ. ನೋಡುಗದ ರುಚಿ ಈ ನಿಗಮ ಹಿಂದೆ ಒಮ್ಮೆ ಕಂಡಿದೆ. ನನ್ನ ಅಜ್ಜಿಯ ಕಾಲದಲ್ಲಿ ನಮ್ಮವರು ದೇಶದಲ್ಲೇ ಅತಿ ಕಡಿಮೆ ಖರ್ಚಿನ ನಿಗಮ ಎಂಬ ಫಲಕ ಗೆಲ್ಲುವ ಹುಚ್ಚಿಗೆ ಬಿದ್ದು ಹೋಗಿಬರುವವರನ್ನು ಮನೆಗೆ ಕಳಿಸಿದ್ದರು. ಕಲ್ಲಬಾವಿ ಎಂಬ ಊರಿಗೆ ದೊಡ್ಡ ನೀರಿನ ತೊಟ್ಟಿಗೆ ಸಾಲ ಕೊಟ್ಟಿದ್ದರು. ತೊಟ್ಟಿ ಕಟ್ಟಿದ ವರ್ಷವೇ ಬಿರುಕು ಬಿಟ್ಟು ಒಣಗಿತು. ಊರವರು ಅದರೊಳಗೆ ಶೇಂಗಾ ಒಣಹಾಕಿ, ಮೇಲೆ ನೀಲಿ ತಾಡಪಾಲು ಹೊದಿಸಿದರು. ಮೇಲಿನಿಂದ ನೋಡಿದ ನೋಡುಗಕ್ಕೆ ನೀಲಿ ಕಂಡಿತು. ಆರು ವರ್ಷ ನಮ್ಮವರು ತೊಟ್ಟಿ ತುಂಬಿದೆ ಎಂದು ವರದಿ ಬರೆದರು, ಫಲಕವನ್ನೂ ಗೆದ್ದರು. ಊರಿನ ಹೆಂಗಸರು ಮೂರು ಹರದಾರಿ ದೂರದಿಂದ ನೀರು ಹೊರುತ್ತಿದ್ದರು. ದೂರು ಕೊಟ್ಟರೆ, ನಿಮ್ಮ ತೊಟ್ಟಿ ತುಂಬಿದೆಯಲ್ಲ ಎಂದು ಉತ್ತರ ಹೋಗುತ್ತಿತ್ತು. ಕೊನೆಗೆ ಆ ಹೆಂಗಸರು ಒಂದು ಚೀಲ ಶೇಂಗಾ ತಂದು, ನಿಮ್ಮ ತೊಟ್ಟಿಯ ನೀರು ಕುಡಿಯಿರಿ ಎಂದು ನಮ್ಮ ಮೇಜಿನ ಮೇಲೆ ಸುರಿದರು. ಅಂದಿನಿಂದ ನಮ್ಮ ವೆಚ್ಚಕ್ಕೆ ಮೇಲಿನ ಮಿತಿಯಂತೆ ಕೆಳಗಿನ ಮಿತಿಯೂ ಇದೆ. ಅದಕ್ಕಿಂತ ಕಡಿಮೆ ಖರ್ಚು ಮಾಡಿದರೆ, ಯಾವ ಕೆಲಸ ಬಿಟ್ಟಿರಿ ಎಂದು ಜನ ಕೇಳುತ್ತಾರೆ. ಮೇಲ್ಮಂಡಳಿಯ ಉಪಾಯ ಆ ಮಿತಿಗಿಂತ ಕೆಳಗೆ ಇಳಿಯುತ್ತಿತ್ತು. ಮಿತಿಯನ್ನು ತೆಗೆಯುವ ಹಕ್ಕು ಜನರಿಗೆ ಮಾತ್ರ ಇದೆ, ಅದೂ ಕೇಳುವ ದಿನದಂದು.

ಕೇಳುವ ದಿನ ಎಂದರೆ ಸಾಲ ಪಡೆದ ಊರುಗಳವರು ವರ್ಷಕ್ಕೊಮ್ಮೆ ನಮ್ಮ ಅಂಗಳದಲ್ಲಿ ಬಂದು ಕೂರುವ ದಿನ. ನೌಕರರು ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಪಗಾರ ಎಷ್ಟು, ಅದಕ್ಕೆ ಏನು ಮಾಡಿದೆವು ಎಂದು ಬಾಯಿಬಿಟ್ಟು ಹೇಳಬೇಕು. ನಿಮ್ಮ ಕಾಲದಲ್ಲಿ ಪಗಾರ ಕೇಳುವುದು ಮರ್ಯಾದೆಯಲ್ಲವಂತೆ. ನಮ್ಮಲ್ಲಿ ಮುಚ್ಚಿಡುವುದು ಮರ್ಯಾದೆಯಲ್ಲ. ಹೋದ ಸೋಮವಾರ ಆ ದಿನವಿತ್ತು. ಸಾವಂತ್ರೆವ್ವ ಎದ್ದು, ‘ನನ್ನ ಪಗಾರ ಐದು ಸಾವಿರ. ಅದಕ್ಕ ನಡದೇನಿ, ನೋಡೇನಿ, ನೋಡಿದ್ದು ಹೇಳೇನಿ. ಚಪ್ಪಲಿ ಎರಡು ಜೋಡಿ ಹರದಾವ, ಅದು ಬ್ಯಾರೆ ಕೊಡ್ರಿ’ ಎಂದು ಕೂತಳು. ಮೇಲ್ಮಂಡಳಿಯಿಂದ ಬಂದಿದ್ದ ಅರವಿಂದ ತೊರಗಲ್ಲ ಎಂಬ ಸಭ್ಯ ಮನುಷ್ಯ ತನ್ನ ಉಪಾಯವನ್ನು ಚೆನ್ನಾಗಿ ವಿವರಿಸಿದ. ಹೋಗಿಬರುವವರು ಕೂಳಿಗೆ ದಂಡ ಎಂಬ ಮಾತನ್ನು ಬಾಯಲ್ಲಿ ಆಡಲಿಲ್ಲ, ಆದರೆ ಅರ್ಥ ಅದೇ ಆಗಿತ್ತು. ಕೆಲವರು ತಲೆಯಾಡಿಸಿದರು. ವೆಚ್ಚ ಇಳಿದರೆ ತಮ್ಮ ಕಂತೂ ಇಳಿಯಬಹುದು ಎಂಬ ಆಸೆ ಯಾರಿಗಿಲ್ಲ?

ಆಗ ಅಣ್ಣಿಗೇರಿಯ ಕಡೆಯ ಒಬ್ಬ ಮುದುಕಿ ನನ್ನನ್ನೇ ಕೇಳಿದಳು. ‘ಕಡೆಯವರ, ನೀವ ಹೇಳ್ರಿ. ಇದರಾಗ ನಿಮ್ಮ ಪಗಾರನೂ ಐತಲ್ಲ?’

ನಾನು ಎದ್ದು ನಿಂತೆ. ಹಿಂದಿನ ಸಾಲಿನಲ್ಲಿ ಶಿವಪುತ್ರಪ್ಪ ಕೂತಿದ್ದರು, ಅವರ ಕಡೆ ನೋಡಲಿಲ್ಲ. ದೊಡ್ಡ ಭಾಷಣವೊಂದನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದೆ. ಒಂದು ಪದವೂ ನೆನಪಾಗಲಿಲ್ಲ. ‘ನನ್ನ ಪಗಾರ ಹನ್ನೆರಡು ಸಾವಿರ. ಐದು ತಿಂಗಳಾತು, ಬಂದಿಲ್ಲ. ನನಗ ಅದು ಬೇಕು, ಭಾಳ ಬೇಕು. ಆದ್ರ ಈ ಹದಿನೆಂಟು ಮಂದಿದು ತಗದು ನನಗ ಕೊಡೋದಾದ್ರ ಬ್ಯಾಡ’ ಎಂದೆ. ಹಣ ಕೂಡಿಸಿ ಕೊಡೋಣವೇ ಎಂದು ಒಬ್ಬರು ಕೇಳಿದರು. ಸಾಲ ಕೊಡುವವರು ಸಾಲ ಪಡೆದವರ ಕೈಯಿಂದ ಒಂದು ಕಪ್ ಚಹಾ ಕೂಡ ಕುಡಿಯುವಂತಿಲ್ಲ ಎಂದು ನೆನಪಿಸಿದೆ. ಹೋಗಿಬರುವವರಲ್ಲಿ ಇಬ್ಬರು ತಮ್ಮ ಪಗಾರ ಬಿಟ್ಟುಕೊಡುತ್ತೇವೆ ಎಂದರು. ಅದಕ್ಕೂ ನಿಯಮವಿಲ್ಲ. ಕೆಳಗಿನವರು ಮೇಲಿನವರಿಗಾಗಿ ಬಿಟ್ಟುಕೊಟ್ಟದ್ದನ್ನು ನಾವು ಒಪ್ಪಿಗೆ ಎಂದು ಎಣಿಸುವುದಿಲ್ಲ. ಬಳಿಕ ಕೈ ಎತ್ತಿಸಿದರು. ಹೋಗಿಬರುವವರು ಇರಲಿ ಎಂದು ಎದ್ದ ಕೈಗಳೇ ಹೆಚ್ಚು. ತೊರಗಲ್ಲ ಮರ್ಯಾದೆಯಿಂದ ನಮಸ್ಕರಿಸಿ ಗಾಡಿ ಹತ್ತಿದ.

ಸಾವಂತ್ರೆವ್ವ ಬಂದು ಕೈ ಮುಗಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಂಟಕ್ಕೆ ಕೈಯಿಟ್ಟು ಎದುರಿಗೆ ನಿಂತಳು. ‘ಅಕ್ಕಾರ, ಆ ಮೂರೂರಿಗೆ ವಾಯಿದೆ ಕೊಡ್ರಿ ಅಂದಾಕಿ ನಾನ. ನಿಮ್ಮ ಪಗಾರ ನಿಂತದ್ದು ನನ್ನಿಂದ. ಗೊತ್ತೈತಿ ನನಗ. ಮುಂದಿನ ವರ್ಷ ಸೇತುವಿ ಬಿದ್ದರೂ ಹಂಗ ಹೇಳಾಕಿ, ನೋಡ್ರಿ ಮತ್ತ’ ಎಂದಳು. ನನ್ನ ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಇಂಥ ಹೆಂಗಸಿಗೆ ಐದು ಸಾವಿರ ಕಡಿಮೆಯಾಯಿತು ಎನಿಸಿತು. ಈ ನಿಗಮದ ಬಗ್ಗೆ ನನಗಿರುವ ಹೆಮ್ಮೆಯನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ, ಆದರೆ ಆ ಹೊತ್ತಿನಲ್ಲಿ ಇದ್ದಷ್ಟು ಹಿಂದೆಂದೂ ಇರಲಿಲ್ಲ.

ಇವತ್ತು ಮಧ್ಯಾಹ್ನ ಕಿಟಕಿ ತೆರೆಯಿತು. ಹಣ ನನಗಿಂತ ಒಂದು ಮೆಟ್ಟಿಲು ಕೆಳಗಿನ ಉಪಕಡೆಯವರ ತನಕ ಬಂದು ಮುಗಿಯಿತು. ಹಣ ಇರಲಿ ಬಿಡಲಿ, ಕಡೆಯವರ ಹೆಸರನ್ನು ಕೂಗಲೇಬೇಕು. ನಾನು ಕಿಟಕಿಯ ಮುಂದೆ ನಿಂತು, ಕಡೆಯವರು ಹೇಳಬೇಕಾದ ಒಂದೇ ವಾಕ್ಯವನ್ನು ಕೊನೆಯ ಸಲ ಹೇಳಿದೆ: ಕೆಳಗಿನವರಿಗೆಲ್ಲ ಸಂದಿದೆ. ನನ್ನ ಹಿಂದಿನ ಹನ್ನೊಂದು ಮಂದಿ ಕಡೆಯವರೂ ಹೀಗೇ ಹೇಳಿ ಹೋದರು, ಒಬ್ಬರೂ ಸುಳ್ಳು ಹೇಳಲಿಲ್ಲ. ಮುಳಗುಂದದ ಮನೆಯನ್ನು ಬೇರೆಯವರು ಕೊಂಡರು. ಶಿವಪುತ್ರಪ್ಪ ಈಗಿನ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಮಣ್ಣು ಹೊರುತ್ತಿದ್ದಾರೆ, ಬದನೆ ಹಾಕುತ್ತಾರಂತೆ.

ನಿಮ್ಮ ಕಾಲದ ಲೆಕ್ಕಗಳನ್ನು ನೋಡಿದರೆ, ಗುಡಿಸುವವರ ಮತ್ತು ಕಾವಲಿನವರ ಪಗಾರವನ್ನು ಪಗಾರವೆಂದು ಬರೆಯದೆ ಇತರೆ ವೆಚ್ಚ ಎಂದು ಬರೆದದ್ದು ಕಾಣುತ್ತದೆ. ಅವರಿಗೆ ತಿಂಗಳುಗಟ್ಟಲೆ ತಡವಾದದ್ದೂ ಕಾಣುತ್ತದೆ. ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ನಮ್ಮ ಪದ್ಧತಿಯನ್ನು ಯಾರೋ ಒಬ್ಬರು ಯಾವತ್ತೋ ಶುರು ಮಾಡಿದರು, ಅವರ ಹೆಸರು ನಮಗೆ ಗೊತ್ತಿಲ್ಲ, ನಿಮ್ಮಲ್ಲೇ ಒಬ್ಬರಿರಬಹುದು. ಈ ತಿಂಗಳ ಪಗಾರ ನಿಮ್ಮ ಖಾತೆಗೆ ಬಂದ ದಿನ, ಒಂದು ರೂಪಾಯಿ ತೆಗೆಯುವ ಮೊದಲು ಕುರ್ಚಿ ಬಿಟ್ಟು ಎದ್ದು, ನಿಮ್ಮ ಕಚೇರಿಯ ಕಸ ಗುಡಿಸುವವರ ಹತ್ತಿರ ಹೋಗಿ. ನಿಮಗೆ ಬಂತೇ ಎಂದು ಕೇಳಿ.