ಮೆಟ್ಟಿಲ ಮೇಲಿನ ಓದು

ಜನವರಿ ೨೦, ಮಂಗಳವಾರ

ಗ್ರಂಥಾಲಯದವರು ಇವತ್ತೂ ಹೊರಗೆ ಹಾಕಿದರು. "ಇಲ್ಲಿ ದನಿ ತಗದು ಓದಂಗಿಲ್ಲವಾ. ಉಳದವ್ರು ಓದಾಕತ್ತಾರ, ಹೊರಗ ಹೋಗ್ರಿ." ನನ್ನ ಜೊತೆ ಓದುವ ಪ್ರಾಜಕ್ತಾಗೆ ಕಣ್ಣು ಕಾಣುವುದಿಲ್ಲ, ದನಿ ತೆಗೆಯದೆ ಅವಳಿಗೆ ಹೇಗೆ ಓದಿ ಹೇಳಲಿ? ಅವಳಂಥವರಿಗೆಂದೇ ತರಿಸಿದ ಕಂಪ್ಯೂಟರ್ ಮೂಲೆಯಲ್ಲಿದೆ, ತಾನೇ ಓದುತ್ತದೆ. ಇಂಗ್ಲಿಷ್ ಮಾತ್ರ. ನಮ್ಮ ಇತಿಹಾಸದ ಪುಸ್ತಕ ಕನ್ನಡದ್ದು.

ಅವಳ ಕೈಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿದೆ. ಎದುರಿಗೇ ಅಥಣಿ ರಸ್ತೆ. ಸಕ್ಕರೆ ಫ್ಯಾಕ್ಟರಿ ಚಾಲೂ ಆದಾಗಿನಿಂದ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ಹೋಗುತ್ತವೆ, ಒಂದೊಂದರಲ್ಲೂ ಕಿವಿಗಡಚಿಕ್ಕುವ ಹಾಡು. ಗಂಟಲು ಹರಿಯುವಂತೆ ಒಂದು ಪಾಠ ಓದಿ, "ಏನ್ ತಿಳೀತ ಬೇ?" ಎಂದೆ.

"ಎರಡ ಮರಾಠಿ ಹಾಡು, ಒಂದ ಕನ್ನಡದ್ದು. ಮೂರೂ ಬಾಯಿಪಾಠ ಆಗ್ಯಾವ ನೋಡ."

ಇಬ್ಬರೂ ನಕ್ಕೆವು. ಶುಕ್ರವಾರ ಪರೀಕ್ಷೆ.

ತನ್ನೂರು ಐನಾಪುರದ ಬಸ್ಸು ಹತ್ತುವಾಗ ಹೇಳಿದಳು: "ಫಿರದೋಸ, ನಾಳಿಂದ ನನ್ನ ಸಲುವಾಗಿ ಕೂಡಬ್ಯಾಡ. ನೀನರ ಪಾಸಾಗ. ನಾ ಈ ಸಲ ಪರೀಕ್ಷೆಗೆ ಕೂಡಂಗಿಲ್ಲ."

ಅಷ್ಟರಲ್ಲಿ ಇನ್ನೊಂದು ಟ್ರ್ಯಾಕ್ಟರ್ ಬಂತು. ಆ ಗದ್ದಲದಲ್ಲಿ ಮಾತು ಕೇಳಿಸದೆಂದು, ಹಾಗೆ ಮಾಡಬೇಡವೆಂದು ಜೋರಾಗಿ ತಲೆ ಅಲ್ಲಾಡಿಸಿದೆ. ಮತ್ತೆ ಮತ್ತೆ ಅಲ್ಲಾಡಿಸಿದೆ. ಅವಳು ಬಾಗಿಲಲ್ಲೇ ನಿಂತು ನನ್ನ ಉತ್ತರಕ್ಕೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಳಗೆ ಹೋದಳು.

ತಲೆ ಅಲ್ಲಾಡಿಸಿದ್ದು ಅವಳಿಗೆ ಕಾಣುವುದಿಲ್ಲವೆಂದು ನನಗೆ ಹೊಳೆದಾಗ ಬಸ್ಸು ತಿರುವು ದಾಟಿತ್ತು.

ಆಗಿನಿಂದ ಫೋನ್ ಹಚ್ಚುತ್ತಲೇ ಇದ್ದೇನೆ. ಎತ್ತುತ್ತಿಲ್ಲ. ಎತ್ತಿದರೂ ಏನು ಹೇಳಿ ಕರೆಯಲಿ, ಮತ್ತೆ ಆ ಮೆಟ್ಟಿಲಿಗೇ ತಾನೇ ಬರಬೇಕು ಅವಳು?